ಪೆನ್‌ಡ್ರೈವ್ ಯಾವುದು ತೆಗೆದುಕೊಳ್ಳಲಿ? ಶಾಲೆಯ ಟಿವಿಗೆ, ಜೆರಾಕ್ಸ್ ಅಂಗಡಿಗೆ, ಕಾರಿಗೆ

ಮಲೆನಾಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂದು ಒಳ್ಳೆಯ ಪೆನ್‌ಡ್ರೈವ್ ಬೇಕಾಗಿದೆ. ಇಷ್ಟು ವರ್ಷ 8 ಜಿಬಿಯದ್ದೊಂದು ಇತ್ತು, ಹೋದ ವಾರ ಕೈಕೊಟ್ಟಿತು. ಕಂಪ್ಯೂಟರಿಗೆ ಹಾಕಿದರೆ ಟಣ್ ಅಂತ ಶಬ್ದ ಬರುತ್ತದೆ, ಡ್ರೈವ್ ಮಾತ್ರ ಕಾಣಿಸುವುದಿಲ್ಲ.

ನನಗೆ ಮೂರು ಕೆಲಸ ಇದೆ. ತರಗತಿಯ ಸ್ಮಾರ್ಟ್ ಟಿವಿಯಲ್ಲಿ ಮಕ್ಕಳಿಗೆ ವಿಡಿಯೋ ತೋರಿಸಬೇಕು, ಯಾಕೆಂದರೆ ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ನಂಬುವ ಹಾಗಿಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಪೇಟೆಯ ಜೆರಾಕ್ಸ್ ಅಂಗಡಿಗೆ ತೆಗೆದುಕೊಂಡು ಹೋಗಬೇಕು. ಆಮೇಲೆ ಕಾರಿಗೆ ಹಾಡು. ಆನ್‌ಲೈನಿನಲ್ಲಿ 2 ಟಿಬಿಯದ್ದು, ಅಂದರೆ 2000 ಜಿಬಿಯದ್ದು, 499 ರೂಪಾಯಿಗೆ ಕಾಣಿಸಿತು. ಅದನ್ನೇ ತರಿಸಿ ಮನೆಯ ಫೋಟೋಗಳನ್ನೂ ಒಂದೇ ಕಡೆ ಹಾಕಿಬಿಡು ಅಂತ ತಮ್ಮ ಹೇಳುತ್ತಿದ್ದಾನೆ. ತರಿಸಲಾ?

ರಿಪೇರಿ ಟೇಬಲ್

ಮೇಷ್ಟ್ರೇ, ದಯವಿಟ್ಟು ತರಿಸಬೇಡಿ. 12 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಆ ತರಹದ 2 ಟಿಬಿಗಳು ತಿಂಗಳಿಗೊಂದಾದರೂ ನನ್ನ ಟೇಬಲ್ಲಿಗೆ ಬರುತ್ತವೆ. 2 ಟಿಬಿಯ ಅಸಲಿ ಪೋರ್ಟಬಲ್ ಎಸ್‌ಎಸ್‌ಡಿಗೆ, ಅಂದರೆ ಚಿಪ್ಪಿನಿಂದಲೇ ಮಾಡಿದ ಡಿಸ್ಕಿಗೆ, ಸಾವಿರಾರು ರೂಪಾಯಿ ಆಗುತ್ತದೆ. ಅಷ್ಟು ಜಾಗ 499ಕ್ಕೆ ಎಲ್ಲಿಂದ ಬರಬೇಕು, ಹೇಳಿ.

ಮೋಸ ನಡೆಯುವುದು ಹೀಗೆ. ಪೆನ್‌ಡ್ರೈವ್ ಒಳಗೆ ಎರಡು ಮುಖ್ಯ ಭಾಗ ಇರುತ್ತವೆ. ಒಂದು ಡೇಟಾ ಕೂರುವ ಫ್ಲ್ಯಾಶ್ ಚಿಪ್, ಇನ್ನೊಂದು ಅದನ್ನು ನಡೆಸುವ ಕಂಟ್ರೋಲರ್. ನನ್ನ ಹತ್ತಿರ ಎಷ್ಟು ಜಾಗ ಇದೆ ಅಂತ ಕಂಪ್ಯೂಟರಿಗೆ ಹೇಳುವುದು ಈ ಕಂಟ್ರೋಲರ್. ಅದಕ್ಕೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಒಳಗಿರುವುದು 16 ಜಿಬಿಯೋ 32 ಜಿಬಿಯೋ, ಹೊರಗೆ ತೋರಿಸುವುದು 2 ಟಿಬಿ. ವಿಂಡೋಸ್ ಪಾಪ ಅದನ್ನು ನಂಬುತ್ತದೆ. ಅಸಲಿ ಜಾಗ ಮುಗಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯ ಫೈಲುಗಳ ಮೇಲೇ ಕೂರುತ್ತದೆ. ಕಾಪಿ ಆಗುವಾಗ ಒಂದೇ ಒಂದು ತಪ್ಪೂ ತೋರಿಸುವುದಿಲ್ಲ. ಫೈಲುಗಳ ಹೆಸರಿನ ಪಟ್ಟಿ ಚಿಪ್ಪಿನ ಮೊದಲ ಭಾಗದಲ್ಲಿ ಇರುತ್ತದಲ್ವಾ, ಅದು ಸರಿಯಾಗಿಯೇ ಇರುತ್ತದೆ. ಹಾಗಾಗಿ ಹೆಸರೆಲ್ಲ ಕಾಣುತ್ತದೆ, ಸೈಜೂ ಕಾಣುತ್ತದೆ, ತೆರೆದರೆ ಒಳಗೆ ಏನೂ ಇಲ್ಲ.

ಕುಂದಾಪ್ರದ ಹೆಣ್ಣು

ಮೇಲಿನವರು ಹೇಳಿದ್ದು ಅಕ್ಷರ ಅಕ್ಷರ ನಿಜ. ನಮ್ಮ ಮನೆಯಲ್ಲಿ ಆದದ್ದೇ ಇದು.

ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಶೋಭಾನೆ ಹಾಡುತ್ತಿದ್ದರು. ಅವರಿಗೆ 84 ಆದಾಗ ನಾನು ಒಂದು ರೆಕಾರ್ಡರ್ ತಂದು, ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂರಿಸಿ, ದಿನಕ್ಕೆ ಎರಡೋ ಮೂರೋ ಹಾಡು ಹಿಡಿದುಕೊಂಡೆ. ಒಟ್ಟು 26 ಹಾಡು. ಹಾಡಿನ ನಡುವೆ ಕೋಳಿ ಕೂಗಿದ್ದು, ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳಲು ನಿಲ್ಲಿಸಿದ್ದು ಎಲ್ಲ ಇತ್ತು. ಎಲ್ಲವನ್ನೂ ಜೋಪಾನವಾಗಿ ಇಡಬೇಕು ಅಂತಲೇ ದೊಡ್ಡ ಪೆನ್‌ಡ್ರೈವ್ ಹುಡುಕಿ ಆನ್‌ಲೈನಿನಲ್ಲಿ 1 ಟಿಬಿಯದ್ದು ತರಿಸಿದೆ. ಮೊದಲು ಮನೆಯ ಫೋಟೋ ವಿಡಿಯೋ ಎಲ್ಲ ಹಾಕಿದೆ, ಕೊನೆಗೆ ಅಜ್ಜಿಯ ಹಾಡು. ಸರಿಯಾಗಿ ಕಾಪಿ ಆಯಿತು. ಹೆಸರು ನೋಡಿದೆ, ಎಣಿಸಿದೆ, 26 ಇತ್ತು. ರೆಕಾರ್ಡರಿನ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ, ಬೇರೆ ಕೆಲಸಕ್ಕೆ ಕೊಟ್ಟೆ.

ಅಜ್ಜಿ ಹೋದ ಮೇಲೆ, ವರ್ಷಾಂತಿಕದ ದಿನ ಎಲ್ಲರೂ ಕೂತಿದ್ದಾಗ ಹಾಕಿದೆ. ಮೊದಲನೇ ಹಾಡು ಮೂರು ಸೆಕೆಂಡ್ ಬಂತು. ಉಸಿರು ಎಳೆದುಕೊಂಡ ಶಬ್ದ, ಒಂದು ಸಾಲಿನ ಅರ್ಧ. ಆಮೇಲೆ ನಿಶ್ಶಬ್ದ. ಉಳಿದ ಯಾವುದೂ ತೆರೆಯಲೇ ಇಲ್ಲ. ನನ್ನ ಅಮ್ಮ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು.

ಹಳೆಯ ಮೆಮೊರಿ ಕಾರ್ಡ್ ಸಿಕ್ಕಿತು. ಅದರ ಮೇಲೆ ಆಗಲೇ ಬೇರೆ ಏನೇನೋ ರೆಕಾರ್ಡ್ ಆಗಿತ್ತು. ಗುರುತಿನವರೊಬ್ಬರು ಅಳಿಸಿದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಒಂದು ರಾತ್ರಿ ಪೂರ್ತಿ ಓಡಿಸಿದರು. 11 ಹಾಡು ಸಿಕ್ಕಿತು. 15 ಹೋಯಿತು. ಅಂಥ ಮಾಲು ಮಾರುವವರ ಮೇಲೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಲೆನಾಡ ಮೇಷ್ಟ್ರು

ಅಕ್ಕಾ, ಓದಿ ತುಂಬಾ ಸಂಕಟ ಆಯಿತು. ತಮ್ಮನಿಗೂ ಓದಿಸಿದೆ. 2 ಟಿಬಿ ಯೋಚನೆ ಬಿಟ್ಟೆವು. ಆದರೆ ಅಂಗಡಿಯಲ್ಲಿ ಒಳ್ಳೆಯ ಹೆಸರಿನ 64 ಜಿಬಿ ತೆಗೆದುಕೊಂಡರೂ ಅದು ನಕಲಿ ಆಗಿರಬಹುದಲ್ವಾ? ನೋಡಿದರೆ ಗೊತ್ತಾಗುತ್ತದಾ?

ಪೆಂಗ್ವಿನ್ ಪ್ರಿಯ

ನೋಡಿದರೆ ಗೊತ್ತಾಗುವುದಿಲ್ಲ. ಪ್ಯಾಕೆಟ್ಟನ್ನೂ ನಕಲು ಮಾಡುತ್ತಾರೆ. ತುಂಬಿಸಿ ಓದಿ ನೋಡುವುದೊಂದೇ ದಾರಿ.

ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ಅದಕ್ಕೆ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಇದೆ. ಜರ್ಮನಿಯ ಕಂಪ್ಯೂಟರ್ ಪತ್ರಿಕೆಯೊಂದರಿಂದ ಬಂದ ಹಳೆಯ ಉಚಿತ ಸಾಫ್ಟ್‌ವೇರ್ ಅದು. ಲಿನಕ್ಸ್, ಮ್ಯಾಕ್ ಇದ್ದರೆ ಎಫ್3. ಎರಡೂ ಮಾಡುವ ಕೆಲಸ ಒಂದೇ. ಇಡೀ ಡ್ರೈವ್ ತುಂಬುವವರೆಗೆ 1 ಜಿಬಿಯ ಫೈಲುಗಳನ್ನು ಬರೆಯುತ್ತವೆ, ಆಮೇಲೆ ಮೊದಲಿನಿಂದ ಓದಿ ಬರೆದದ್ದೇ ಇದೆಯಾ ಅಂತ ತಾಳೆ ನೋಡುತ್ತವೆ. ಸುಳ್ಳು ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಸಮಯ ಹಿಡಿಯುತ್ತದೆ. ಸೆಕೆಂಡಿಗೆ 10 ಎಂಬಿ ಬರೆಯುವ ಡ್ರೈವಾದರೆ 64 ಜಿಬಿ ತುಂಬಲು ಹತ್ತಿರ ಹತ್ತಿರ ಒಂದೂ ಮುಕ್ಕಾಲು ಗಂಟೆ, ಓದಲು ಬೇರೆ. ರಾತ್ರಿ ಹಾಕಿ ಮಲಗಿ. ತಂದ ದಿನವೇ, ಒಂದು ಫೈಲನ್ನೂ ಹಾಕುವ ಮೊದಲೇ ಮಾಡಿ. ಬಿಲ್ ಇಟ್ಟುಕೊಳ್ಳಿ.

64 ಅಂತ ಬರೆದಿದ್ದರೂ ವಿಂಡೋಸ್‌ನಲ್ಲಿ 59 ಅಥವಾ ಇನ್ನೂ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದಕ್ಕೆ ಗಾಬರಿ ಆಗಬೇಡಿ. ಅದು ಮೋಸ ಅಲ್ಲ. ಕಂಪನಿಯವರು 1 ಜಿಬಿ ಅಂದರೆ 100 ಕೋಟಿ ಬೈಟ್ ಅಂತ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 64ಕ್ಕೆ 59.6 ಬರುತ್ತದೆ. ಅದರಲ್ಲೂ ಸ್ವಲ್ಪ ಜಾಗ ಕಂಟ್ರೋಲರ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ.

ಮದುವೆ ಸ್ಟುಡಿಯೋ

ನಾನು ಫೋಟೋ ಸ್ಟುಡಿಯೋ ನಡೆಸುತ್ತೇನೆ. ಮೊದಲು ಡಿವಿಡಿ ಕೊಡುತ್ತಿದ್ದೆವು, ಈಗ ಪೆನ್‌ಡ್ರೈವ್. ವರ್ಷಕ್ಕೆ ನೂರಕ್ಕಿಂತ ಜಾಸ್ತಿ ಕೊಡುತ್ತೇನೆ, ಹಾಗಾಗಿ ಟಿವಿ ವಿಷಯ ನಾನು ಹೇಳಬಲ್ಲೆ.

ಮೊದಲು ವೇಗ. ಪ್ಯಾಕೆಟ್ ಮೇಲೆ 150 ಎಂಬಿ ತನಕ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅದು ಓದುವ ವೇಗ. ಬರೆಯುವ ವೇಗ ಸಾಮಾನ್ಯವಾಗಿ ಬರೆದೇ ಇರುವುದಿಲ್ಲ. ನನಗೆ ಬೇಕಾದದ್ದು ಅದು. ಮೂರು ಗಂಟೆಯ ಮದುವೆ ವಿಡಿಯೋ 20 ಜಿಬಿ ಆಸುಪಾಸು ಬರುತ್ತದೆ. ಸೆಕೆಂಡಿಗೆ 8 ಎಂಬಿ ಬರೆಯುವ ಡ್ರೈವಿಗೆ 40 ನಿಮಿಷದ ಮೇಲೆ ಬೇಕು, 80 ಎಂಬಿ ಬರೆಯುವುದಕ್ಕೆ ನಾಲ್ಕೂ ಚಿಲ್ಲರೆ ನಿಮಿಷ. ಎರಡರ ಮೇಲೂ ಯುಎಸ್‌ಬಿ 3 ಅಂತಲೇ ಬರೆದಿರುತ್ತದೆ ನೋಡಿ. ಯುಎಸ್‌ಬಿ 3 ಅಂದರೆ ರಸ್ತೆ ಅಗಲ ಇದೆ ಅಂತ ಅಷ್ಟೆ, ಗಾಡಿ ಎಷ್ಟು ಓಡುತ್ತದೆ ಅಂತ ಅಲ್ಲ. ಕೆಲವು ಡ್ರೈವ್ ಮೊದಲ ಒಂದೆರಡು ಜಿಬಿ ಜೋರಾಗಿ ಓಡಿ ಆಮೇಲೆ ಎತ್ತಿನ ಗಾಡಿ ಆಗುತ್ತವೆ.

ಇನ್ನೊಂದು ಗೊಂದಲ ಹೆಸರಿನದ್ದು. ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1, ಈ ಮೂರೂ ಒಂದೇ. ಹೆಸರು ಬದಲಾಯಿಸುತ್ತಾ ಹೋದರು ಅಷ್ಟೆ. 3.2 ಅಂತ ಕಂಡ ತಕ್ಷಣ ಹೊಸದು ಅಂದುಕೊಂಡು ಜಾಸ್ತಿ ದುಡ್ಡು ಕೊಡಬೇಡಿ.

ಈಗ ಟಿವಿ. ಗ್ರಾಹಕರ ಫೋನ್ ಬರುವುದೇ ಇದಕ್ಕೆ, "ಕಂಪ್ಯೂಟರಲ್ಲಿ ಬರುತ್ತದೆ, ಟಿವಿಯಲ್ಲಿ ಬರಲ್ಲ." ಎರಡು ಕಾರಣ ಇರುತ್ತದೆ. ಒಂದು, ಡ್ರೈವ್ ಯಾವ ರೀತಿ ಫಾರ್ಮ್ಯಾಟ್ ಆಗಿದೆ, ಅಂದರೆ ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ ಯಾವುದು ಅನ್ನುವುದು. ಫ್ಯಾಟ್32 ಹೆಚ್ಚುಕಡಿಮೆ ಎಲ್ಲ ಟಿವಿ, ಎಲ್ಲ ಕಾರ್ ಸ್ಟೀರಿಯೋ ಓದುತ್ತವೆ, ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಡ್ರೈವ್ ಪೂರ್ತಿ ಖಾಲಿ ಇದ್ದರೂ ಫೈಲ್ ತುಂಬಾ ದೊಡ್ಡದು ಅಂತ ನಿಲ್ಲಿಸಿಬಿಡುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಆ ಮಿತಿ ಇಲ್ಲ, ಆದರೆ ಹಳೆಯ ಟಿವಿ ಎಷ್ಟೋ ಅದನ್ನು ಗುರುತಿಸುವುದಿಲ್ಲ. ಎರಡನೇ ಕಾರಣ ವಿಡಿಯೋವನ್ನು ಸಣ್ಣದು ಮಾಡಿ ಸುತ್ತಿಟ್ಟ ರೀತಿ. ಎಚ್.265 ಹಳೆಯ ಟಿವಿಗಳಲ್ಲಿ ಓಡುವುದಿಲ್ಲ, ಎಚ್.264 ಹಾಕಿದ ಎಂಪಿ4 ಓಡುತ್ತದೆ. ಮೇಷ್ಟ್ರೇ, ನಿಮ್ಮ ಪಾಠದ ವಿಡಿಯೋ ಒಂದೊಂದು 4 ಜಿಬಿ ದಾಟುವ ಮಾತೇ ಇಲ್ಲ. 32 ಜಿಬಿಯದ್ದು ತೆಗೆದುಕೊಂಡು ಫ್ಯಾಟ್32 ಮಾಡಿ, ನಿಶ್ಚಿಂತೆಯಿಂದ ಇರಿ. 64 ಜಿಬಿಗೆ ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಫ್ಯಾಟ್32 ತೋರಿಸದೆ ಇದ್ದರೆ ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರಿನಿಂದ ಮಾಡಬಹುದು.

ಡಿಟಿಪಿ ಅಕ್ಕ

ನಮ್ಮ ಅಂಗಡಿ ಕಾಲೇಜಿನ ಎದುರಿಗೇ ಇದೆ. ಜೆರಾಕ್ಸ್, ಪ್ರಿಂಟು, ಟೈಪಿಂಗು. ಮೇಷ್ಟ್ರೇ, ನುಡಿ ಫೈಲ್ ಹಾಗೇ ತರಬೇಡಿ. ನೀವು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದರೆ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರದ ಸಂಕೇತ, ಆ ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ ಅಂದರೆ ಪ್ರಶ್ನೆಪತ್ರಿಕೆ ಪೂರ್ತಿ ಗೀಚಿದ ಇಂಗ್ಲಿಷ್ ಆಗಿಬಿಡುತ್ತದೆ. ಮೊಬೈಲು, ನೆಟ್ಟಿನಲ್ಲಿ ಬಳಸುವ ಯುನಿಕೋಡ್ ಕನ್ನಡ ಆದರೆ ಓದಲು ಬರುತ್ತದೆ, ಆದರೂ ಪುಟದ ಸಾಲು ಹೆಚ್ಚುಕಡಿಮೆ ಆಗಬಹುದು. ಮನೆಯಲ್ಲೇ ಪಿಡಿಎಫ್ ಮಾಡಿ, ಅದನ್ನು ಒಮ್ಮೆ ಮೊಬೈಲಿನಲ್ಲಿ ತೆರೆದು ನೋಡಿ. ಮೊಬೈಲಿನಲ್ಲಿ ಸರಿ ಕಂಡರೆ ಅಂಗಡಿಯಲ್ಲೂ ಸರಿ ಬರುತ್ತದೆ. ಪರೀಕ್ಷೆ ಹಿಂದಿನ ದಿನ ಸಂಜೆ ಏಳಕ್ಕೆ ಬಂದು, ಫಾಂಟ್ ಇಲ್ಲದೆ ತಲೆ ಮೇಲೆ ಕೈ ಹೊತ್ತು ಕೂತ ಎಷ್ಟು ಜನ ಮೇಷ್ಟ್ರುಗಳನ್ನು ನೋಡಿದ್ದೇನೆ.

ವೈರಸ್ ವಿಷಯವನ್ನೂ ನಾನೇ ಹೇಳುತ್ತೇನೆ. ದಿನಕ್ಕೆ ನೂರಾರು ಪೆನ್‌ಡ್ರೈವ್ ಚುಚ್ಚುವ ಕಂಪ್ಯೂಟರ್ ಅದು, ಎಷ್ಟು ಸ್ವಚ್ಛ ಇಟ್ಟರೂ ಒಂದಲ್ಲ ಒಂದು ಬಂದೇ ಬರುತ್ತದೆ. ಜಾಸ್ತಿ ಕಾಣುವುದು ಶಾರ್ಟ್‌ಕಟ್ ವೈರಸ್. ನಿಮ್ಮ ಫೋಲ್ಡರುಗಳನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ, ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ಕಂಪ್ಯೂಟರಿಗೂ ಹತ್ತುತ್ತದೆ. ಬಾಣ ಕಂಡರೆ ಒತ್ತಬೇಡಿ, ಫಾರ್ಮ್ಯಾಟೂ ಮಾಡಬೇಡಿ. ನಿಮ್ಮ ಫೈಲು ಒಳಗೇ ಇರುತ್ತವೆ, ಅಡಗಿರುತ್ತವೆ ಅಷ್ಟೆ. ಸ್ಕ್ಯಾನ್ ಮಾಡಿ, ಅಡಗಿದ ಫೈಲ್ ತೋರಿಸುವ ಆಯ್ಕೆ ಹಾಕಿದರೆ ಕಾಣುತ್ತವೆ.

ಹಾಗಾಗಿ ಅಂಗಡಿಗೆ ಬೇರೆಯದೇ ಸಣ್ಣ ಡ್ರೈವ್ ಇಟ್ಟುಕೊಳ್ಳಿ. ಅದರಲ್ಲಿ ಆವತ್ತಿನ ಪಿಡಿಎಫ್ ಬಿಟ್ಟು ಇನ್ನೇನೂ ಬೇಡ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಎಲ್ಲ ತುಂಬಿರುವ ಡ್ರೈವನ್ನು ಜನ ಸುಮ್ನೆ ನಮ್ಮ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗುತ್ತಾರೆ. ನನಗೇ ಭಯ ಆಗುತ್ತದೆ.

ಪೆಂಗ್ವಿನ್ ಪ್ರಿಯ

ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ದೊಡ್ಡ ಸೈಜಿನ ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಸಣ್ಣ ಲಾಕ್ ಇರುತ್ತದೆ. ಅದನ್ನು ಕೆಳಗೆ ಸರಿಸಿ, ಯುಎಸ್‌ಬಿಗೆ ಚುಚ್ಚುವ ಕಾರ್ಡ್ ರೀಡರಿಗೆ ಹಾಕಿ ಕೊಟ್ಟರೆ ಅಂಗಡಿಯವರು ಓದಬಹುದು, ಬರೆಯಲಾಗುವುದಿಲ್ಲ. ಹೆಚ್ಚಿನ ರೀಡರುಗಳು ಆ ಲಾಕನ್ನು ಪಾಲಿಸುತ್ತವೆ. ಬರೆಯಲಾಗದಿದ್ದರೆ ವೈರಸ್ಸೂ ಹತ್ತುವುದಿಲ್ಲ.

ಮತ್ತೆ, ಪ್ರಶ್ನೆಪತ್ರಿಕೆ ಇದ್ದ ಡ್ರೈವಿನಿಂದ ಅಳಿಸಿದೆ ಅಂದ ಮಾತ್ರಕ್ಕೆ ಅದು ಹೋಗಿರುವುದಿಲ್ಲ. ಕುಂದಾಪ್ರದ ಅಕ್ಕನ ಹಾಡು ವಾಪಸ್ ತಂದ ಸಾಫ್ಟ್‌ವೇರೇ ನಿಮ್ಮ ಪ್ರಶ್ನೆಪತ್ರಿಕೆಯನ್ನೂ ತರುತ್ತದೆ. ಆ ಡ್ರೈವನ್ನು ಮಕ್ಕಳ ಕೈಗೆ ಕೊಡಬೇಡಿ. ಮನೆಯಲ್ಲಿ ಖಾಸಗಿ ಕಾಗದಕ್ಕೆ ಒಂದು ಇಡುವುದಾದರೆ ವೆರಾಕ್ರಿಪ್ಟ್ ಅಥವಾ ವಿಂಡೋಸ್‌ನ ಬಿಟ್‌ಲಾಕರ್ ಬಳಸಿ ಪಾಸ್‌ವರ್ಡಿನ ಬೀಗ ಹಾಕಿಡಿ. ಬಿಟ್‌ಲಾಕರ್ ಬೀಗ ಹಾಕಲು ವಿಂಡೋಸ್ ಪ್ರೊ ಬೇಕು, ತೆರೆಯಲು ಹೋಮ್ ಸಾಕು. ಬೀಗ ಹಾಕಿದ್ದು ಟಿವಿಯಲ್ಲಿ ಓಡುವುದಿಲ್ಲ, ಅದು ನೆನಪಿರಲಿ.

ಮಂಡ್ಯದ ಹೈದ

ಪೆನ್‌ಡ್ರೈವ್ ಕೀಳುವ ಮೊದಲು ಎಜೆಕ್ಟ್ ಒತ್ತಿ ಸೇಫ್ ಆಗಿ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಐದು ವರ್ಷದಿಂದ ಹಾಗೇ ಕಿತ್ತುಕೊಳ್ಳುತ್ತಿದ್ದೇನೆ, ಏನೂ ಆಗಿಲ್ಲ. ವಿಂಡೋಸ್ 10ರಲ್ಲಿ 2018ರ ಅಪ್‌ಡೇಟ್ ಆದ ಮೇಲೆ ಅದರ ಅಗತ್ಯವೇ ಇಲ್ಲವಲ್ಲ?

ರಿಪೇರಿ ಟೇಬಲ್

ಅರ್ಧ ಸರಿ. 1809 ಅನ್ನುವ ಆವೃತ್ತಿಯಿಂದ ವಿಂಡೋಸ್ ತಾನಾಗಿಯೇ ಬೇಗ ತೆಗೆಯುವ ವ್ಯವಸ್ಥೆ ಇಟ್ಟಿದೆ, ಅಂದರೆ ಬರೆಯುವುದನ್ನು ತನ್ನ ಹತ್ತಿರ ಕೂಡಿಟ್ಟುಕೊಳ್ಳುವುದಿಲ್ಲ. ಆದರೆ ದೀಪ ಮಿನುಗುತ್ತಿರುವಾಗ ಕಿತ್ತರೆ ಯಾವ ಅಪ್‌ಡೇಟೂ ಉಳಿಸುವುದಿಲ್ಲ. ನಮಗೆ ಕಾಣದ ಹಾಗೆ ಯಾವುದೋ ಫೈಲ್ ತೆರೆದೇ ಇರುತ್ತದೆ, ಆಂಟಿವೈರಸ್ ಓಡುತ್ತಿರುತ್ತದೆ. ಫ್ಯಾಟ್32 ಯಾವ ಫೈಲ್ ಎಲ್ಲಿದೆ ಅನ್ನುವ ತನ್ನ ಲೆಕ್ಕದ ಪಟ್ಟಿಯ ಎರಡು ಪ್ರತಿ ಇಟ್ಟುಕೊಳ್ಳುತ್ತದೆ, ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದೇ. ಅದು ಅರ್ಧ ಬರೆದಿರುವಾಗ ಕಿತ್ತರೆ ಆಮೇಲೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ತಿಂಗಳಿಗೆ ಎರಡು ಮೂರು ಇಂಥವೇ ಬರುತ್ತವೆ ನನ್ನ ಹತ್ತಿರ.

ಪೆಂಗ್ವಿನ್ ಪ್ರಿಯ

ಲಿನಕ್ಸಿನಲ್ಲಂತೂ ಹಾಗೆ ಕೀಳಲೇಬೇಡಿ. ಕಾಪಿ ಎಷ್ಟಾಯಿತು ಅನ್ನುವ ಪಟ್ಟಿ ಹತ್ತು ಸೆಕೆಂಡಿಗೇ ಪೂರ್ತಿ ಆದ ಹಾಗೆ ತೋರಿಸುತ್ತದೆ, ಡೇಟಾ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಇರುತ್ತದೆ. ಎಜೆಕ್ಟ್ ಒತ್ತಿದ ಮೇಲೆ ಅದು ಸಾಕು ತೆಗೆಯಿರಿ ಅನ್ನುವವರೆಗೆ ಕಾಯಬೇಕು, ಕೆಲವೊಮ್ಮೆ ಐದು ನಿಮಿಷವೂ ಆಗುತ್ತದೆ.

ಬಿಸಿಲ ನಾಡು

ರಾಯಚೂರಿನಿಂದ ಬರೆಯುತ್ತಿದ್ದೇನೆ. ಕಾರಿನ ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೈ ಇಡಲಾಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟ ಎರಡು ಪೆನ್‌ಡ್ರೈವ್ ಹೀಗೇ ಹೋದವು. ಕಾರಿನದ್ದಕ್ಕೆ ಹಾಡಿನ ಪ್ರತಿ ಮಾತ್ರ ಹಾಕಿ, ಅಸಲು ಮನೆಯಲ್ಲಿರಲಿ. ಇನ್ನೊಂದು, ಹಾಡಿನ ಹೆಸರು ಕನ್ನಡದಲ್ಲಿ ಬರೆದರೆ ನನ್ನ ಸ್ಟೀರಿಯೋದಲ್ಲಿ ಬರೀ ಚೌಕ ಚೌಕ ಕಾಣಿಸುತ್ತದೆ. ಅದಕ್ಕೆ ಮುಂದೆ 01, 02 ಅಂತ ಸಂಖ್ಯೆ ಹಾಕಿಟ್ಟಿದ್ದೇನೆ.

ರಿಪೇರಿ ಟೇಬಲ್

ಬಿಸಿ ವಿಷಯ ತುಂಬಾ ಮುಖ್ಯ. ಫ್ಲ್ಯಾಶ್ ಚಿಪ್ಪಿನಲ್ಲಿ ಡೇಟಾ ಅಂದರೆ ಸಣ್ಣ ಸಣ್ಣ ಕೋಣೆಗಳಲ್ಲಿ ಹಿಡಿದಿಟ್ಟ ವಿದ್ಯುತ್ ಕಣಗಳು. ನಿಧಾನಕ್ಕೆ ಅವು ಸೋರುತ್ತವೆ, ಬಿಸಿಯಲ್ಲಿ ಇನ್ನೂ ಬೇಗ. ಈಗಿನ ಅಗ್ಗದ ಚಿಪ್ಪುಗಳಲ್ಲಿ ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಬಿಟ್ ತುರುಕಿರುತ್ತಾರೆ, ಸ್ವಲ್ಪ ಸೋರಿದರೂ ಓದುವಾಗ ತಪ್ಪುತ್ತದೆ. ಅದಕ್ಕೇ ಹೇಳುವುದು, ಬೀರುವಿನಲ್ಲಿ ಹತ್ತು ವರ್ಷ ಇಡುವ ವಸ್ತು ಅಲ್ಲ ಇದು. ಇಲ್ಲಿಂದ ಅಲ್ಲಿಗೆ ಸಾಗಿಸಲು ಇರುವುದು.

ಮೇಷ್ಟ್ರೇ, ನಿಮ್ಮ ಸತ್ತ ಡ್ರೈವ್ ಬಿಸಾಡಿದಿರಾ? ಟಣ್ ಅಂತ ಶಬ್ದ ಬರುತ್ತದೆ ಅಂದರೆ ಕಂಟ್ರೋಲರ್ ಇನ್ನೂ ಬದುಕಿರಬಹುದು. ಕಂಪ್ಯೂಟರಿಗೆ ಚುಚ್ಚುವ ಮೂತಿಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಡೆಸ್ಕ್‌ಟಾಪಿನ ಮುಂದೆ ಚುಚ್ಚಿದ್ದಕ್ಕೆ ಮೊಣಕಾಲು ತಾಗಿ, ಒಳಗೆ ನಾಲ್ಕು ಕಾಲುಗಳ ಬೆಸುಗೆ ಕೂದಲೆಳೆಯಷ್ಟು ಬಿರಿದಿರುತ್ತದೆ. ಭೂತಗನ್ನಡಿ ಕೆಳಗೆ ಇಟ್ಟು ಮತ್ತೆ ಬೆಸೆದರೆ ಎಷ್ಟೋ ಸಲ ಎದ್ದು ಕೂರುತ್ತದೆ. ಆದರೆ ಉಗುರಿನಷ್ಟು ಸಣ್ಣ ಡ್ರೈವ್ ಬರುತ್ತದಲ್ಲ, ಅದರಲ್ಲಿ ಚಿಪ್ಪು, ಕಂಟ್ರೋಲರ್ ಎಲ್ಲ ಒಂದೇ ಅಚ್ಚಿನಲ್ಲಿ ಹುದುಗಿರುತ್ತದೆ. ಅದು ಹೋದರೆ ನನ್ನಂಥವರ ಕೈಲಿ ಆಗುವುದಿಲ್ಲ. ಅದನ್ನು ಕಾರಿಗೆ ಮಾತ್ರ ಇಟ್ಟುಕೊಳ್ಳಿ, ಹೊರಗೆ ಚಾಚದೆ ಇರುತ್ತದೆ.

ಮಲೆನಾಡ ಮೇಷ್ಟ್ರು

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಶಿವಮೊಗ್ಗಕ್ಕೆ ಹೋದಾಗ ಬಿಲ್ ಹಾಕಿಸಿಕೊಂಡು 32 ಜಿಬಿಯ ಎರಡು ತಂದೆ. ಎರಡನ್ನೂ ರಾತ್ರಿ ಎಚ್2ಟೆಸ್ಟ್‌ಡಬ್ಲ್ಯೂಗೆ ಹಾಕಿದೆ, ಎರಡೂ ಪಾಸು. ಒಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ, ಅದು ಜೆರಾಕ್ಸ್ ಅಂಗಡಿಗೆ. ಇನ್ನೊಂದು ಫ್ಯಾಟ್32 ಮಾಡಿ ಶಾಲೆಗೆ ತೆಗೆದುಕೊಂಡು ಹೋದೆ. ಎಂಟನೇ ತರಗತಿಗೆ ಜೀವಕೋಶದ ವಿಡಿಯೋ ಹಾಕಿದೆ, ಮೊದಲ ಸಲಕ್ಕೇ ಬಂತು. ಹೊರಗೆ ಜೋರು ಮಳೆ, ನೆಟ್ ಇರಲಿಲ್ಲ, ಮಕ್ಕಳು ಇನ್ನೊಮ್ಮೆ ಹಾಕಿ ಅಂತ ಕೇಳಿದರು.

ಹಳೆಯ 8 ಜಿಬಿ ಬಿಸಾಡಿರಲಿಲ್ಲ. ಮೂತಿ ಅಲ್ಲಾಡುತ್ತಿದೆ. ಇಲ್ಲೇ ಪೇಟೆಯಲ್ಲಿ ಬೆಸೆಯಲು ಕೊಟ್ಟಿದ್ದೇನೆ. ಮನೆಯ ಫೋಟೋಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ತಮ್ಮನ ಮನೆಯಲ್ಲಿ ಇಡಿಸಿದೆವು.

ಕುಂದಾಪ್ರದ ಹೆಣ್ಣು

ಮೇಷ್ಟ್ರೇ, ಒಳ್ಳೆಯದಾಯಿತು. ಈ ಚರ್ಚೆ ಓದಿದ ಮೇಲೆ ಆ 11 ಹಾಡನ್ನು ಮುಂಬೈಯಲ್ಲಿರುವ ಮಾವನಿಗೂ ಕಳಿಸಿದೆ, ಅಲ್ಲೂ ಒಂದು ಪ್ರತಿ ಇರಲಿ ಅಂತ. ಕೇಳಿ ಅವರು ಫೋನ್ ಮಾಡಿದರು. ಅವರ ಮಗಳ ಮದುವೆಯಲ್ಲಿ ಅಜ್ಜಿ ಆರತಿ ಹಾಡು ಹಾಡಿದ್ದು ಹಳೆಯ ವಿಡಿಯೋದಲ್ಲಿ ಇದೆಯಂತೆ. ನಿನ್ನೆ ಕಳಿಸಿದರು. ನನ್ನ ಹತ್ತಿರ ಹೋಗಿದ್ದ 15ರಲ್ಲಿ ಅದೂ ಒಂದು. ಈಗ 12 ಆಯಿತು.

ಸ್ಟುಡಿಯೋದವರೇ, ವಿಡಿಯೋದಿಂದ ಧ್ವನಿ ಮಾತ್ರ ತೆಗೆದು ಇಡುವುದಾದರೆ ಯಾವ ರೀತಿ ಇಡಲಿ?

ಮದುವೆ ಸ್ಟುಡಿಯೋ

ಮೂಲ ವಿಡಿಯೋ ಇದ್ದ ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ಅದರಿಂದ ಧ್ವನಿಯನ್ನು ವೇವ್ ಆಗಿ, ಅಂದರೆ ಕುಗ್ಗಿಸದ ಧ್ವನಿಯ ಫೈಲಾಗಿ ತೆಗೆಯಿರಿ, ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಆಗುತ್ತದೆ. ಎಂಪಿ3 ಮಾಡಿದ್ದು ಫೋನಿಗೆ, ಕಾರಿಗೆ ಇರಲಿ. ತೆಗೆಯಲು ಕಷ್ಟ ಆದರೆ ನನಗೆ ಕಳಿಸಿ, ನಾನು ಮಾಡಿಕೊಡುತ್ತೇನೆ. ದುಡ್ಡು ಬೇಡ.